ಅತ್ತೆಯ ಹುರುಳಿ ಸಾರು

೧೧ ಮೇ ೨೦೨೫, ಭಾನುವಾರ

ಮದುವೆಯಾಗಿ ಹದಿನಾಲ್ಕು ದಿನ, ಉಂಡ ಔತಣ ಒಂಬತ್ತು. ಇನ್ನೂ ಆರು ಮನೆ ಬಾಕಿ ಇದೆಯಂತೆ. ಹೊಸ ಮದುಮಕ್ಕಳನ್ನು ನೆಂಟರೆಲ್ಲ ಸರದಿಯಲ್ಲಿ ಕರೆದು ಊಟ ಹಾಕುವುದು ನಮ್ಮ ಕಡೆಯ ಕ್ರಮ. ಹಾಕಲಿ. ಆದರೆ ಮದುಮಗಳಿಗೂ ಇರುವುದು ಒಂದೇ ಹೊಟ್ಟೆ ಎಂದು ಯಾರಿಗೂ ತೋರುವುದಿಲ್ಲ.

ಇವತ್ತು ಪೆರಾಬೆಯಲ್ಲಿ ರಕ್ಷಿತನ ಚಿಕ್ಕಮ್ಮನ ಮನೆ. ಹಸಿ ಗೇರುಬೀಜದ ಪಲ್ಯ, ಕಡಲೆ ಗಸಿ, ಕೋಳಿ, ಕಡಲೆಬೇಳೆ ಪಾಯಸ, ಅದರೊಳಗೆ ಮತ್ತೆ ಗೇರುಬೀಜ. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಬಡಿಸುವ ಜನ. ಬರುವಾಗ ಕಾರಿನಲ್ಲಿ ಹೊಟ್ಟೆ ಉಬ್ಬಿ ಸೀರೆ ಬಿಗಿಯಿತು. ಕಡಬ ದಾಟುವ ಮೊದಲೇ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ವಾಂತಿ.

"ಎಂತ ಮಾರಾಯ್ತಿ, ಜಾಸ್ತಿ ತಿಂದೆಯಾ?" ಎಂದು ರಕ್ಷಿತ್ ಬೆನ್ನು ಉಜ್ಜಿದ. ತಿಂದದ್ದಲ್ಲ, ತಿನ್ನಿಸಿದ್ದು ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

೨೩ ಮೇ, ಶುಕ್ರವಾರ

ಔತಣ ಮುಗಿಯಿತು, ಹೊಟ್ಟೆಯ ಕಾಟ ಮುಗಿಯಲಿಲ್ಲ. ಈಗ ಮನೆಯ ಊಟಕ್ಕೂ ಹಾಗೆಯೇ ಆಗುತ್ತಿದೆ. ಉಂಡು ಎರಡು ಗಂಟೆಗೆ ಹೊಟ್ಟೆ ತಮಟೆ. ಆಮೇಲೆ ನುಲಿತ. ಆಮೇಲೆ ಓಟ.

ನೆಟ್ಟಣದ ಈ ಮನೆಯಲ್ಲಿ ನಾವು ಮೂವರೇ. ರಕ್ಷಿತನಿಗೆ ಇಲ್ಲಿನ ರೈಲು ನಿಲ್ದಾಣದಲ್ಲಿ ಕೆಲಸ. ಮಾವ ತೀರಿಕೊಂಡು ಹನ್ನೊಂದು ವರ್ಷವಾಯಿತಂತೆ. ಅಡುಗೆಮನೆ ಪೂರ್ತಿ ಅತ್ತೆಯದು. ಅವರ ಹೆಸರು ದುಗ್ಗಮ್ಮ; ದುಗ್ಗಮ್ಮನ ಹುರುಳಿ ಸಾರು ಎಂದರೆ ಈ ಕಡೆ ಹೆಸರುವಾಸಿ. ಹುರುಳಿಯನ್ನು ಬೆಳಗ್ಗಿನಿಂದ ಬೇಯಿಸಿ, ಕಟ್ಟು ಬಸಿದು, ಹುಳಿಗೆ ಪುನರ್ಪುಳಿ ಹಾಕಿ ಮತ್ತೆ ಕುದಿಸಿ ಇಳಿಸುತ್ತಾರೆ. ಮರುದಿನಕ್ಕೆ ಅದರ ರುಚಿ ಹೆಚ್ಚುತ್ತದಂತೆ, ಆದ್ದರಿಂದ ಮರುದಿನಕ್ಕೂ ಇರುತ್ತದೆ. ಮದುವೆಗೆ ಉಡುಗೊರೆ ಬಂದ ಹೊಸ ಸ್ಟೀಲ್ ಪಾತ್ರೆಗಳನ್ನೆಲ್ಲ ಹೊರಗೆ ತೆಗೆದು, ಮಣ್ಣಿನ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿದ್ದಾರೆ. "ಸೊಸೆ ಕಾಲೇಜಿನಲ್ಲಿ ಪಾಠ ಮಾಡುವವಳು, ಇನ್ನು ಮಸಿ ಪಾತ್ರೆ ಯಾಕೆ?" ಎಂದು ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದರು.

ಸಾರು ರುಚಿಯಾಗಿದೆ. ಅದೇ ಕಷ್ಟ. ಚೆನ್ನಾಗಿಲ್ಲದಿದ್ದರೆ ಬೇಡ ಎನ್ನಬಹುದಿತ್ತು.

೫ ಜೂನ್, ಗುರುವಾರ

ಇವತ್ತಿನ ದಿನವನ್ನು ಬರೆಯದಿದ್ದರೆ ನನಗೆ ನಿದ್ದೆ ಬಾರದು.

ಎರಡು ದಿನದಿಂದ ಬೆಳಗ್ಗೆ ವಾಂತಿ. ಅತ್ತೆ ಬಚ್ಚಲಿನ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದಾರೆ. ಏನೂ ಕೇಳಲಿಲ್ಲ. ನಿನ್ನೆ ಬೆಳಗ್ಗೆ ಮೇಜಿನ ಮೇಲೆ ಹಾಲು, ಅದರಲ್ಲಿ ಚಾಕಲೇಟ್ ಪುಡಿ, ಪಕ್ಕದಲ್ಲಿ ಗೇರುಬೀಜ, ಎಳ್ಳುಂಡೆ. ನನಗೆ ಹೊಳೆಯಲಿಲ್ಲ. ಇವತ್ತು ಪುತ್ತೂರಿನ ಕಾಲೇಜಿನಲ್ಲಿ ಎರಡನೇ ಪಿರಿಯಡ್ ಮುಗಿಸಿ ಫೋನ್ ನೋಡಿದರೆ ಪೆರಾಬೆಯ ಚಿಕ್ಕಮ್ಮನಿಂದ ಎರಡು ಕರೆ, ಗುರುತಿಲ್ಲದ ಇನ್ಯಾರದೋ ಒಂದು, ನನ್ನ ಅಮ್ಮನಿಂದ ಐದು. ಅಮ್ಮ ಅಳುತ್ತಾ, "ನನಗೊಂದು ಮಾತು ಹೇಳ್ಬಾರದಿತ್ತಾ, ಬೇರೆಯವರ ಬಾಯಲ್ಲಿ ಕೇಳುದು ನಾನು" ಎಂದರು. ಏನು ಹೇಳಬೇಕಿತ್ತು ಎಂದು ಕೇಳಿದ ಮೇಲೆ ನಾನು ಗರ್ಭಿಣಿ ಎಂಬುದು ನನಗೇ ತಿಳಿಯಿತು.

ಮೆಡಿಕಲ್‌ನಿಂದ ಪರೀಕ್ಷೆಯ ಪಟ್ಟಿ ತಂದೆ. ಒಂದೇ ಗೆರೆ. ನನಗೆ ಗೊತ್ತಿದ್ದದ್ದೇ. ಮನೆಗೆ ಬಂದು ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿ ನೋಡಿದರು, ಗೆರೆ ಎಷ್ಟಿರಬೇಕು ಎಂದು ಕೇಳಿದರು. ಎರಡು ಎಂದೆ. ಪಟ್ಟಿ ಹಿಂದೆ ಕೊಟ್ಟು, "ಇರಲಿ ಮಗಾ, ಟೈಮ್ ಉಂಟು. ನಿನ್ನ ಮೈಯಲ್ಲಿ ಶಕ್ತಿ ಇಲ್ಲ, ಅದಕ್ಕೇ ಹೀಗೆ ಆಗುದು" ಎಂದರು. ರಾತ್ರಿ ಊಟಕ್ಕೆ ಒಂದರ ಬದಲು ಎರಡು ಸೌಟು ಹುರುಳಿ ಸಾರು.

೨೧ ಜೂನ್, ಶನಿವಾರ

ಮೂರು ವಾರದಲ್ಲಿ ಇಬ್ಬರು ಡಾಕ್ಟರು. ಮೊದಲನೆಯವರು ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು. ಎರಡನೆಯವರು ಗಂಟಲಿನಿಂದ ಪೈಪ್ ಇಳಿಸಿ ಹೊಟ್ಟೆಯೊಳಗೆಲ್ಲ ನೋಡಿ, "ಎಲ್ಲ ನಾರ್ಮಲ್ ಉಂಟು" ಎಂದರು. ನಾರ್ಮಲ್ ಆದರೆ ದಿನಕ್ಕೆ ಆರು ಸಲ ಯಾಕೆ ಓಡುತ್ತೇನೆ ಎಂದು ಕೇಳಿದೆ. "ಹೊಸ ಮನೆ, ಹೊಸ ಜನ, ಟೆನ್ಷನ್ ಮಾಡ್ಕೊಳ್ತೀರಿ ನೀವು" ಎಂದು ರಕ್ಷಿತನ ಮುಖ ನೋಡಿ ನಕ್ಕರು. ನನ್ನ ಹೊಟ್ಟೆಯ ವಿಷಯದಲ್ಲಿ ನನ್ನ ಮುಖ ನೋಡಿ ಮಾತಾಡುವವರು ಯಾರೂ ಇಲ್ಲ.

ಟೆನ್ಷನ್ ಇಲ್ಲ ಎಂದು ಹೇಳಿ ಹೇಳಿಯೇ ಟೆನ್ಷನ್ ಬಂದಿದೆ.

೮ ಜುಲೈ, ಮಂಗಳವಾರ

ಪಿಯುಸಿಯ ಮಕ್ಕಳಿಗೆ ಲೋಹಗಳ ಪಾಠ ಮಾಡುತ್ತಿದ್ದೆ. ಅರ್ಧದಲ್ಲಿ ಚಾಕ್ ಇಟ್ಟು ಹೊರಗೆ ಓಡಬೇಕಾಯಿತು. ಹಿಂದೆ ಬರುವಾಗ ಕೊನೆಯ ಬೆಂಚಿನಲ್ಲಿ ನಗು. ಪ್ರಿನ್ಸಿಪಾಲರು ಕರೆಸಿ, ಬೇಕಾದರೆ ರಜೆ ತೆಗೆದುಕೊಳ್ಳಿ ಎಂದರು. ಅತಿಥಿ ಉಪನ್ಯಾಸಕಿಗೆ ರಜೆ ಎಂದರೆ ಏನರ್ಥ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಬರುವ ರೈಲಿನಲ್ಲಿ ಅತ್ತುಬಿಟ್ಟೆ. ಮಳೆಗೆ ಕಿಟಕಿ ಹಾಕಿತ್ತು, ಯಾರೂ ನೋಡಲಿಲ್ಲ. ಮೈಕೈಯೆಲ್ಲ ಬೇರೆ ತುರಿಕೆ. ಕಿವಿ ಕೆಂಪು, ಮಣಿಕಟ್ಟಿನಲ್ಲಿ ಗುಳ್ಳೆ. ಬೆವರಿಗೆ ಹೀಗಾಗುವುದಿರಬೇಕು, ಅದಕ್ಕೂ ನನ್ನ ಮೇಲೆಯೇ ಕಣ್ಣು.

೧೭ ಜುಲೈ, ಗುರುವಾರ, ಜಾಲ್ಸೂರು

ಇವತ್ತು ಆಟಿ ತಿಂಗಳು ಶುರು. ಮದುವೆಯಾದ ಮೊದಲ ವರ್ಷ ಆಟಿಯಲ್ಲಿ ಮಗಳು ತವರಿನಲ್ಲಿರಬೇಕು. ಈ ಕ್ರಮ ಮಾಡಿದವರ ಕಾಲಿಗೆ ಬೀಳಬೇಕು ಎನಿಸಿತು.

ಹೊರಡುವಾಗ ಅತ್ತೆ ಸ್ಟೀಲ್ ಡಬ್ಬಿಯಲ್ಲಿ ಹುರುಳಿ ಸಾರು ಕಟ್ಟಿಕೊಟ್ಟರು. "ಅಮ್ಮನಿಗೂ ಕೊಡು, ಹೇಗೆ ಉಂಟು ಹೇಳ್ಲಿಕ್ಕೆ ಹೇಳು." ಬಸ್ಸಿನಲ್ಲಿ ಡಬ್ಬಿ ಮಡಿಲಲ್ಲಿ ಬಿಸಿಯಾಗಿತ್ತು. ಸುಳ್ಯದಲ್ಲಿ ಬಸ್ ಬದಲಿಸುವಾಗ ಅದನ್ನು ಚರಂಡಿಗೆ ಚೆಲ್ಲಿದೆ. ಅಮ್ಮನಿಗೆ ಹೇಳಲಿಲ್ಲ. ಅತ್ತೆಗೆ ಫೋನ್ ಮಾಡಿ, ಅಮ್ಮ ತುಂಬ ಇಷ್ಟಪಟ್ಟರು ಎಂದೆ.

೩೦ ಜುಲೈ, ಬುಧವಾರ, ಜಾಲ್ಸೂರು

ಹೊಟ್ಟೆ ಇದೆ ಎಂಬುದೇ ಮರೆತುಹೋಗಿದೆ. ಹತ್ತು ದಿನದಿಂದ ಮಾತ್ರೆ ಇಲ್ಲ. ಇಲ್ಲಿಂದಲೇ ಬಸ್ಸಿನಲ್ಲಿ ಪುತ್ತೂರಿಗೆ ಹೋಗಿ ಬರುತ್ತಿದ್ದೇನೆ, ಮೂರು ಪಿರಿಯಡ್ ಒಟ್ಟಿಗೆ ನಿಂತು ಪಾಠ ಮಾಡಿದೆ. ಅಮ್ಮನಿಗೆ ಮಂಡಿನೋವು, ಒಲೆಯ ಮುಂದೆ ಹೆಚ್ಚು ನಿಲ್ಲಲಾಗದು. ಬೆಳ್ತಿಗೆ ಅಕ್ಕಿಯ ಗಂಜಿ, ಮಣ್ಣಿನ ಪಾತ್ರೆಯಲ್ಲಿ ಮೀನು ಸಾರು, ಮಜ್ಜಿಗೆ, ಅಷ್ಟೆ. ಉಂಡು ಮಲಗುತ್ತೇನೆ.

ರಾತ್ರಿ ಪಾತ್ರೆ ತೊಳೆಯುವಾಗ ಅಮ್ಮ ತಗ್ಗಿದ ಸ್ವರದಲ್ಲಿ, "ನಾನೊಂದು ಹೇಳ್ತೇನೆ, ಸಿಟ್ಟು ಮಾಡ್ಬೇಡ. ಅಲ್ಲಿ ಇರುವಾಗ ಮಾತ್ರ ಆಗುದು, ಇಲ್ಲಿಗೆ ಬಂದರೆ ಇಲ್ಲ. ಅದು ಎಂತ ಅಂತ ಗೊತ್ತುಂಟಾ ನಿನಗೆ?" ಎಂದರು. ಗೊತ್ತಿತ್ತು. ಅವರ ಬಾಯಿಂದ ಬರಲಿ ಎಂದು ಕಾದೆ.

"ಕೈವಿಷ."

ಅನ್ನದಲ್ಲಿ ಏನೋ ಬೆರೆಸಿ ತಿನ್ನಿಸುವುದು, ಅದು ಹೊಟ್ಟೆಯ ಗೋಡೆಗೆ ಅಂಟಿ ಕೂರುವುದು, ಸೊಸೆ ಅತ್ತೆಯ ಮಾತು ಮೀರದ ಹಾಗೆ ಮಾಡುವುದು. ಚಿಕ್ಕಂದಿನಿಂದ ಕೇಳಿದ ಕಥೆ. ನಾನು ರಸಾಯನಶಾಸ್ತ್ರ ಓದಿದವಳು ಅಮ್ಮ ಎಂದು ಬೈದೆ. ಅಪ್ಪ ಜಗಲಿಯಿಂದ, "ನನ್ನನ್ನು ಇದಕ್ಕೆ ಎಳೀಬೇಡಿ" ಎಂದು ಹೇಳಿ ಟಿ.ವಿ. ಸದ್ದು ಹೆಚ್ಚು ಮಾಡಿದರು.

ಇಂಥ ಮಾತಿಗೆ ತಲೆ ಕೊಡುವವಳಲ್ಲ ನಾನು. ಆದರೂ ಒಂದು ಸಂಗತಿ ಇಲ್ಲಿ ಬರೆದಿಡುತ್ತೇನೆ. ನನಗೆ ಬಡಿಸಿದ ಮೇಲೆ ಅತ್ತೆ ಒಂದು ದಿನವೂ ನನ್ನ ಜೊತೆ ಕೂತು ಉಂಡದ್ದಿಲ್ಲ.

೭ ಆಗಸ್ಟ್, ಗುರುವಾರ

ಹೋದೆವು. ಬರೆಯುವುದಿಲ್ಲ.

೮ ಆಗಸ್ಟ್, ಶುಕ್ರವಾರ

ಬರೆಯುತ್ತೇನೆ. ಯಾರು ಓದುತ್ತಾರೆ ಇದನ್ನು.

ಗಡಿ ದಾಟಿ ಕಾಸರಗೋಡಿನ ಬಸ್ಸಿನಲ್ಲಿ ಅರ್ಧ ಗಂಟೆ. ಕೈವಿಷ ತೆಗೆಯುವವರ ಹಂಚಿನ ಮನೆ, ಅಂಗಳದಲ್ಲಿ ಇಪ್ಪತ್ತು ಜನ ಸಾಲು. ಎಲ್ಲರ ಮುಖದಲ್ಲೂ ನನ್ನ ಮುಖದ್ದೇ ಬಣ್ಣ. ಸಾಲಿನಲ್ಲಿ ನಮಗಿಂತ ಎರಡು ಜನ ಮುಂದೆ ಡೊಂಬಯ್ಯ ಮಾವ. ರಕ್ಷಿತನ ಅಪ್ಪನ ದಾಯಾದಿ, ನೆಟ್ಟಣದಲ್ಲಿ ರಬ್ಬರ್ ಶೀಟಿನ ವ್ಯಾಪಾರ. ನನ್ನನ್ನು ನೋಡಿ ಅವರಿಗೂ ಎಲ್ಲಿ ಅಡಗಲಿ ಎಂದಾಯಿತು. "ನನಗೂ ಯಾರೋ ಹಾಕಿದ್ದಾರೆ ಮಾರಾಯ್ತಿ, ಮೂರು ತಿಂಗಳಾಯ್ತು" ಎಂದರು. ನೀವು ನನ್ನನ್ನು ನೋಡಿಲ್ಲ, ನಾನು ನಿಮ್ಮನ್ನು ನೋಡಿಲ್ಲ ಎಂಬ ಒಪ್ಪಂದ ಕಣ್ಣಲ್ಲೇ ಆಯಿತು.

ಮದ್ದು ಕೊಡುವವರು ಕೇಳಿದ್ದು ಒಂದೇ ಪ್ರಶ್ನೆ. ಬಡಿಸುವವರು ಯಾರು? ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಅತ್ತೆ" ಎಂದರು.

ಹಸಿರು ರಸ ಕುಡಿಸಿದರು. ಕರುಳು ಬಾಯಿಗೆ ಬರುವಷ್ಟು ವಾಂತಿ. ಅವರು ಅದರಲ್ಲಿ ಕಡ್ಡಿಯಾಡಿಸಿ ಕಪ್ಪು ಎಳೆಯೊಂದನ್ನು ಎತ್ತಿ ತೋರಿಸಿದರು. ಕೂದಲಂತೆ. ಅದು ಅವರ ಬೆರಳ ಸಂದಿಯಲ್ಲಿ ಮೊದಲೇ ಇತ್ತು ಎಂದು ನನಗೆ ನೂರಕ್ಕೆ ತೊಂಬತ್ತು ಖಾತ್ರಿ. ಮಕ್ಕಳಿಗೆ ಸಾಕ್ಷ್ಯವಿಲ್ಲದೆ ಏನನ್ನೂ ಒಪ್ಪಬೇಡಿ ಎಂದು ಹೇಳುವವಳು ನಾನು. ಉಳಿದ ಹತ್ತರ ಜೊತೆ ಬಸ್ಸು ಹತ್ತಿ ಮನೆಗೆ ಬಂದೆ.

೧೬ ಆಗಸ್ಟ್, ಶನಿವಾರ, ಜಾಲ್ಸೂರು

ನಾಳೆ ನೆಟ್ಟಣಕ್ಕೆ. ಮಗಳು ಹೊರಡುತ್ತಾಳೆಂದು ಅಮ್ಮ ಮಂಡಿನೋವು ಮರೆತು ಅಡುಗೆ ಮಾಡಿದರು. ಪತ್ರೊಡೆ, ಕಡಲೆ ಗಸಿ, ಗೇರುಬೀಜದ ಪಾಯಸ. ಸಂಜೆಯಿಂದ ಹೊಟ್ಟೆ ನುಲಿತ, ಎರಡು ಸಲ ವಾಂತಿ.

ಇದು ಬೇರೆ. ಇವತ್ತು ತಿಂದದ್ದು ಹೆಚ್ಚಾಯಿತು. "ಹೋಗುವ ಹೆದರಿಕೆಗೇ ಹೀಗಾಗುದು, ಪಾಪ" ಎಂದು ಅಮ್ಮ ತಲೆ ಸವರಿದರು. ಅದೇ ಇರಬೇಕು.

೨೪ ಆಗಸ್ಟ್, ಭಾನುವಾರ

ಬಂದು ಒಂದು ವಾರ. ಕೆಲವು ಅಭ್ಯಾಸ ಮಾಡಿಕೊಂಡಿದ್ದೇನೆ. ಶುಚಿಯ ದೃಷ್ಟಿಯಿಂದ ಒಳ್ಳೆಯದೇ. ನನ್ನ ಬಟ್ಟಲನ್ನು ಊಟಕ್ಕೆ ಮೊದಲು ನಾನೇ ಇನ್ನೊಮ್ಮೆ ತೊಳೆಯುತ್ತೇನೆ. ನೀರಿನ ಬಾಟಲಿ ಕೋಣೆಯಲ್ಲಿಡುತ್ತೇನೆ. ರಕ್ಷಿತ್ ಉಂಡ ಮೇಲೆ, ಅವನಿಗೆ ಬಡಿಸಿದ ಪಾತ್ರೆಯಿಂದಲೇ ಬಡಿಸಿಕೊಳ್ಳುತ್ತೇನೆ. ಅವನಿಗೆ ಡ್ಯೂಟಿ ಇರುವ ದಿನ ಹಸಿವಿಲ್ಲ ಎಂದು ಹೇಳುತ್ತೇನೆ.

ಅತ್ತೆ ಮೊನ್ನೆ, "ಎಂತ ಮಗಾ, ಬಟ್ಟಲಲ್ಲಿ ಜಿಡ್ಡು ಉಂಟಾ?" ಎಂದು ಕೇಳಿದರು. ಇಲ್ಲ ಎಂದೆ. ಅಂದಿನಿಂದ ನನ್ನ ಬಟ್ಟಲನ್ನು ಬೂದಿ ಹಾಕಿ ಉಜ್ಜುತ್ತಿದ್ದಾರೆ. ಯಾಕೆ ಅಷ್ಟು ಉಜ್ಜಬೇಕು?

೨೯ ಆಗಸ್ಟ್, ಶುಕ್ರವಾರ

ಇವತ್ತು ಐದು ಸಲ ಓಡಿದೆ. ಊಟ ಬಡಿಸುವ ಮೊದಲು ಅತ್ತೆಯ ಬಲಗೈ ಸೆರಗಿನ ಒಳಗಿತ್ತು. ನಾನು ನೋಡಿದೆ.

೪ ಸೆಪ್ಟೆಂಬರ್, ಗುರುವಾರ

ಡೊಂಬಯ್ಯ ಮಾವನ ಹೆಂಡತಿ ಗಂಡನ ಕಿಸೆಯಲ್ಲಿ ಮದ್ದಿನ ಪೊಟ್ಟಣ ನೋಡಿ, ನಿನಗೆ ಯಾರು ಹಾಕಿದ್ದು, ನಾನಾ ಎಂದು ಗಲಾಟೆ ಮಾಡಿದರಂತೆ. ಅವರು ತಪ್ಪಿಸಿಕೊಳ್ಳಲು, ದೊಡ್ಡ ದೊಡ್ಡ ಓದು ಓದಿದವರೂ ಬರುತ್ತಾರೆ, ದುಗ್ಗಮ್ಮನ ಸೊಸೆಯೂ ಬಂದಿದ್ದಳು ಎಂದರಂತೆ. ಒಂದು ವಾರದಲ್ಲಿ ಅದು ಊರು ಸುತ್ತಿ ನಮ್ಮ ಅಂಗಳಕ್ಕೆ ಬಂತು.

ನಾನು ರೈಲಿಳಿದು ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕುಳಿತಿದ್ದರು. ಒಲೆ ಹಚ್ಚಿರಲಿಲ್ಲ.

"ನೀನು ಅಲ್ಲಿಗೆ ಹೋದದ್ದು ಹೌದಾ?"

"ಅಮ್ಮ ಕರ್ಕೊಂಡು ಹೋದರು ಅತ್ತೆ."

"ವಾಂತಿ ಮಾಡಿದ್ದು ಅಮ್ಮನಾ?"

ನಾನು ಬ್ಯಾಗು ಕೆಳಗಿಟ್ಟೆ. ಅವರು ಸ್ವರ ಏರಿಸಲಿಲ್ಲ. ರಕ್ಷಿತ್ ಬಂದ ಮೇಲೆ ಅವನಿಗೆ ಹೇಳಿದರು. "ನಾನು ಇನ್ನು ಸೌಟು ಮುಟ್ಟುದಿಲ್ಲ. ಸಂಕ್ರಮಣದ ದಿನ ದೈವದ ಎದುರು ಆಣೆ ಹಾಕ್ತೇನೆ, ನನ್ನ ಕೈಯಿಂದ ಎಂತದೂ ಹಾಕಿಲ್ಲ ಅಂತ. ಜಾಲ್ಸೂರಿನವರಿಗೂ ಹೇಳು, ಬಂದು ನಿಲ್ಲಲಿ."

ರಕ್ಷಿತನ ಮುಖ ಬಿಳಿಚಿತು. ಆಣೆಯಾದ ಮೇಲೆ ಎರಡು ಮನೆಯವರು ಮತ್ತೆ ಒಂದು ಪಂಕ್ತಿಯಲ್ಲಿ ಉಣ್ಣುವ ಹಾಗಿಲ್ಲ. ಆಮೇಲೆ ನಾನು ಯಾವ ಮನೆಯವಳು? ಕೋಣೆಯಲ್ಲಿ ಅವನು, "ನಿನಗೆ ಹಾಗೆ ಅನ್ನಿಸಿದ್ದು ಹೌದಾ? ನನ್ನ ಅಮ್ಮ?" ಎಂದು ಕೇಳಿದ. ಇಲ್ಲ ಎನ್ನಲು ಬಾಯಿ ತೆರೆದೆ. ಶುಕ್ರವಾರ ಬರೆದ ಎರಡು ಸಾಲು ನೆನಪಾಗಿ ಬಾಯಿ ಮುಚ್ಚಿತು.

ಅನ್ನ ಅವನೇ ಮಾಡಿದ. ತಳ ಹಿಡಿಯಿತು. ಮೂವರೂ ಬೇರೆ ಬೇರೆ ಕಡೆ ಕೂತು ಉಂಡೆವು.

೮ ಸೆಪ್ಟೆಂಬರ್, ಸೋಮವಾರ

ಮಣಿಕಟ್ಟಿನ ಗುಳ್ಳೆ ಒಡೆದು ನೀರು ಸೋರುತ್ತಿತ್ತು. ಹೊಟ್ಟೆಯ ವಿಷಯ ಇನ್ನು ಯಾವ ಡಾಕ್ಟರ ಹತ್ತಿರವೂ ಎತ್ತುವುದಿಲ್ಲ ಎಂದು ನಿಶ್ಚಯಿಸಿ, ಕೈಗೆ ಮುಲಾಮು ತರಲು ಪುತ್ತೂರಿನ ಚರ್ಮದ ಡಾಕ್ಟರಲ್ಲಿಗೆ ಹೋದೆ. ಡಾಕ್ಟರ್ ಜಸೀನಾ, ಸುಳ್ಯದವರೇ, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಕೈ ನೋಡಿದರು. ವಾಚು ಬಿಚ್ಚಲು ಹೇಳಿದರು. ಬಕಲ್ ಕೂರುವ ಜಾಗದಲ್ಲಿಯೇ ಗುಳ್ಳೆ. ಕಿವಿ ನೋಡಿದರು. ಕಾಲೇಜಿಗೆ ಹಾಕುವ ಫ್ಯಾನ್ಸಿ ಓಲೆಯ ಸುತ್ತ ಕೆಂಪು.

ಆಮೇಲೆ ಬರೆಯುತ್ತಾ ತಲೆ ಎತ್ತದೆ, "ಹೊಟ್ಟೆ ಹೇಗುಂಟು?" ಎಂದು ಕೇಳಿದರು.

ಚರ್ಮದ ಡಾಕ್ಟರು ಹೊಟ್ಟೆ ಯಾಕೆ ಕೇಳಬೇಕು ಎಂದು ರೇಗಿದೆ. ಅವರು ಪೆನ್ನು ಇಟ್ಟರು. "ಹೇಳಿ ಮಾರಾಯ್ರೆ. ನನಗೆ ಕೇಳ್ಲಿಕ್ಕೆ ಟೈಮ್ ಉಂಟು." ನಾಲ್ಕು ತಿಂಗಳಲ್ಲಿ ಮೊದಲ ಸಲ ಒಬ್ಬರು ನನ್ನ ಮುಖ ನೋಡಿ ಕೇಳಿದ್ದು. ಹೇಳುತ್ತಾ ಹೇಳುತ್ತಾ ಅಳು ಬಂತು. ಕೈವಿಷದ ಭಾಗ ಮಾತ್ರ ಬಿಟ್ಟೆ.

ಯಾವುದು ಮೈಗೆ ಆಗುವುದಿಲ್ಲ ಎಂದು ನೋಡಲು ಬೆನ್ನಿಗೆ ಸಾಲು ಸಾಲಾಗಿ ಪಟ್ಟಿ ಅಂಟಿಸಿದ್ದಾರೆ. ಬುಧವಾರ ತೆಗೆಯುವುದು, ಶುಕ್ರವಾರ ಇನ್ನೊಮ್ಮೆ ನೋಡುವುದು. ಅಷ್ಟರವರೆಗೆ ಬೆನ್ನಿಗೆ ನೀರು ತಾಗಬಾರದು.

೧೨ ಸೆಪ್ಟೆಂಬರ್, ಶುಕ್ರವಾರ

ನಿಕ್ಕಲ್.

ಎಲ್ಲ ಪಟ್ಟಿಯ ಜಾಗ ಮಾಮೂಲು, ಒಂದು ಜಾಗ ಮಾತ್ರ ಕೆಂಪಾಗಿ ಉಬ್ಬಿತ್ತು. ಡಾಕ್ಟರ್ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದರು. ವಾಚು, ಓಲೆ, ಸ್ಟೀಲಿನಲ್ಲೆಲ್ಲ ಇರುವ ಈ ಲೋಹ ಮೈಗೆ ತಾಗಿದರೆ ತುರಿಕೆ. ಕಾಳು, ಬೀಜಗಳಲ್ಲೂ ಅದು ಇರುತ್ತದಂತೆ; ಕೆಲವರಿಗೆ ಊಟದ ಮೂಲಕ ಒಳಗೆ ಹೋದರೂ ಆಗುವುದಿಲ್ಲ, ಹೊಟ್ಟೆ ಹೀಗೆಯೇ ಕೆಡುತ್ತದಂತೆ. "ನಿಮ್ಮದು ಅದೇ ಅಂತ ನೂರಕ್ಕೆ ನೂರು ಹೇಳ್ಲಿಕ್ಕೆ ಆಗುದಿಲ್ಲ. ಅದು ಇರುವುದನ್ನೆಲ್ಲ ಆರು ವಾರ ಬಿಟ್ಟು ನೋಡುವ. ಕಡಿಮೆಯಾದರೆ ಅದೇ" ಎಂದರು. ಒಂದು ಚೀಟಿ ಬರೆದುಕೊಟ್ಟರು. ತಿನ್ನಬಾರದ್ದು: ಗೇರುಬೀಜ, ನೆಲಗಡಲೆ, ಎಳ್ಳು, ಕಡಲೆ, ಹುರುಳಿ, ಉಳಿದ ಕಾಳುಗಳು, ಚಾಕಲೇಟ್. ಚಹಾ ಕಡಿಮೆ, ತೆಂಗಿನಕಾಯಿ ಕಡಿಮೆ. ಹುಳಿ ಇರುವುದನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸುವುದು, ಇಡುವುದು ಬೇಡ, ಹೊಸ ಪಾತ್ರೆಯಲ್ಲಿ ಬೇಡವೇ ಬೇಡ. ಅನ್ನ, ಮೀನು, ಮೊಟ್ಟೆ, ಮಜ್ಜಿಗೆ, ಸೌತೆಕಾಯಿ, ಬಾಳೆಹಣ್ಣು ಆಗಬಹುದು.

ಚೀಟಿ ಓದುತ್ತಾ ಹೋದರೆ ನನ್ನ ಮದುವೆಯಾದಂದಿನಿಂದ ಇವತ್ತಿನವರೆಗಿನ ಊಟವೇ ಅಲ್ಲಿತ್ತು. ಔತಣದ ಎಲೆ, ಬೆಳಗ್ಗಿನ ಹಾಲು, ಹುರುಳಿ ಸಾರು. ಜಾಲ್ಸೂರಿನಲ್ಲಿ ಗುಣವಾದದ್ದು ಅಮ್ಮನ ಮಂಡಿನೋವಿನಿಂದ. ಹೊರಡುವ ಹಿಂದಿನ ದಿನ ಕೆಟ್ಟದ್ದು ಅಮ್ಮನ ಪ್ರೀತಿಯಿಂದ. ಅದನ್ನು ಅಂದೇ ನೋಡಬಹುದಿತ್ತು. ನೋಡದೆ, ಒಬ್ಬ ಹೆಂಗಸಿನ ಬಲಗೈ ಎಲ್ಲಿದೆ ಎಂದು ನೋಡುತ್ತಾ ಕೂತಿದ್ದೆ. ಜುಲೈಯಲ್ಲಿ ಲೋಹಗಳ ಪಾಠ ಮಾಡಿದವಳೂ ನಾನೇ. ನಾಚಿಕೆಯಾಗುತ್ತದೆ. ಸಿಟ್ಟೂ ಬರುತ್ತದೆ, ಎಲ್ಲರ ಮೇಲೆ, ಹೆಚ್ಚು ನನ್ನ ಮೇಲೆ.

ಸಂಕ್ರಮಣಕ್ಕೆ ಇನ್ನು ಐದು ದಿನ. ಆದರೆ ಈಗ ನನ್ನ ಕೈಯಲ್ಲಿ ಸಾಕ್ಷ್ಯ ಇದೆ. ನಾಳೆ ಅತ್ತೆಗೆ ಇದನ್ನು ತೋರಿಸಿದರೆ ಆಯಿತು, ಅವರ ಮೇಲಿನ ಅಪವಾದ ತೊಳೆದುಹೋಗುತ್ತದೆ.

೧೩ ಸೆಪ್ಟೆಂಬರ್, ಶನಿವಾರ

ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಡಾಕ್ಟರಿಗೆ ಎಂತ ಗೊತ್ತುಂಟು" ಎಂದರು. ನಾನು ಮೊದಲ ಸಲ ಅಮ್ಮನ ಮಾತಿನ ಮಧ್ಯೆ ಫೋನ್ ಇಟ್ಟೆ.

ಅತ್ತೆ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಎದುರಿಗೆ ಕೂತೆ. ತಪ್ಪಾಯಿತು ಎಂದೆ. ನಿಮ್ಮ ಮೇಲೆ ಸಂಶಯಪಟ್ಟೆ, ಅಮ್ಮ ಮಾತ್ರ ಅಲ್ಲ, ನಾನೂ ಪಟ್ಟೆ ಎಂದೆ. ಅವರು ಬಟ್ಟೆ ಹಿಂಡುವುದು ನಿಲ್ಲಿಸಲಿಲ್ಲ. ಆಮೇಲೆ ಚೀಟಿ ತೆಗೆದು ಒಂದೊಂದಾಗಿ ಬಿಡಿಸಿ ಹೇಳಿದೆ. ಪಾಠ ಮಾಡುವ ಚಟ. ಯಾವ ಪದಾರ್ಥದಲ್ಲಿ ಹೆಚ್ಚಿರುತ್ತದೆ, ಹುಳಿಗೆ ಹೊಸ ಸ್ಟೀಲ್ ಹೇಗೆ ಬಿಟ್ಟುಕೊಡುತ್ತದೆ, ಎಲ್ಲ. ಯಾರೂ ಏನೂ ಹಾಕಿಲ್ಲ ಅತ್ತೆ, ತಪ್ಪು ನನ್ನ ಮೈಯದು ಎಂದು ಮುಗಿಸಿದೆ.

ಅವರು ಕೈ ಒರೆಸಿಕೊಂಡರು.

"ಹುರುಳಿ ಉಂಟಾ ಅದರಲ್ಲಿ?"

"ಉಂಟು."

"ಗೇರುಬೀಜ? ಎಳ್ಳುಂಡೆ? ಬೆಳಗ್ಗಿನ ಹಾಲಿಗೆ ಹಾಕಿದ ಪುಡಿ?"

"ಹೌದು ಅತ್ತೆ, ಆದರೆ..."

"ಪಾತ್ರೆ ಬದಲಿಸಿದ್ದೂ ನಾನೇ." ಒಗೆಯುವ ಕಲ್ಲಿನ ಮೇಲೆ ನೀರು ಸುರಿದರು. "ನಿನಗೆ ವಾಂತಿ ಆಗುವಾಗಲೂ ಎರಡೆರಡು ಸೌಟು ಬಡಿಸಿದ್ದು ನಾನು. ಇನ್ನು ಆಣೆ ಹೇಗೆ ಹಾಕಲಿ? ಹಾಕಿದ್ದು ನಾನೇ ಅಲ್ವಾ."

ಹಾಗಲ್ಲ, ಹಾಗಲ್ಲ ಎಂದು ಎಷ್ಟು ಸಲ ಹೇಳಿದೆನೋ. ಅವರು ಬಟ್ಟೆಯ ಬಕೆಟ್ಟು ಎತ್ತಿಕೊಂಡು ಹೋದರು. ಅಪವಾದ ತೊಳೆಯಲು ತಂದ ಚೀಟಿಯಿಂದಲೇ ಅವರನ್ನು ಅಪರಾಧಿ ಮಾಡಿದೆ. ಕೋಣೆಗೆ ಬಂದು ತಲೆ ಗೋಡೆಗೆ ಆನಿಸಿ ನಿಂತೆ. ರಕ್ಷಿತನಿಗೆ ಹೇಳಿದೆ. "ಅಮ್ಮನಿಗೆ ಸಮಯ ಕೊಡು" ಎಂದ. ಇವನು ಯಾವಾಗಲೂ ಹೀಗೆಯೇ, ತಡವಾದ ರೈಲಿನ ಬಗ್ಗೆ ಜನರಿಗೆ ಹೇಳುವ ಹಾಗೆ.

೧೫ ಸೆಪ್ಟೆಂಬರ್, ಸೋಮವಾರ

ಗಂಜಿ, ಬಾಳೆಹಣ್ಣು. ಹೊಟ್ಟೆ ಸುಮ್ಮನಿದೆ. ಮನೆಯೂ ಸುಮ್ಮನಿದೆ. ಅತ್ತೆ ನನ್ನ ಜೊತೆ ಮಾತಾಡುತ್ತಾರೆ, ಬೇಕಾದಷ್ಟು ಮಾತ್ರ. ರೈಲಿಗೆ ಹೊತ್ತಾಯಿತು. ಕೊಡೆ ತೆಗೆದುಕೊ. ಅಡುಗೆಮನೆಗೆ ಕಾಲಿಡುವುದಿಲ್ಲ. ಬೈದರೆ ನಾನೂ ಎದುರುತ್ತರ ಕೊಡಬಹುದಿತ್ತು, ಹಗುರಾಗುತ್ತಿತ್ತು. ಬೈಯುವುದೂ ಇಲ್ಲ.

೧೭ ಸೆಪ್ಟೆಂಬರ್, ಬುಧವಾರ

ಸಂಕ್ರಮಣ. ಯಾರೂ ಎಲ್ಲಿಗೂ ಹೋಗಲಿಲ್ಲ. ಜಾಲ್ಸೂರಿನಿಂದಲೂ ಫೋನ್ ಬರಲಿಲ್ಲ. ನಾನು ರಜೆ ಹಾಕಿದ್ದೆ.

ಹನ್ನೊಂದು ಗಂಟೆಗೆ ಅಡುಗೆಮನೆಯಲ್ಲಿ ಸದ್ದು. ಹೋಗಿ ನೋಡಲು ಧೈರ್ಯವಾಗಲಿಲ್ಲ. ಅಟ್ಟದಿಂದ ಮಣ್ಣಿನ ಪಾತ್ರೆ ಇಳಿಸಿಕೊಡಲು ರಕ್ಷಿತನನ್ನು ಕರೆದರು. ಚೀಟಿಯನ್ನು ಅವನಿಂದ ಮೂರು ಸಲ ಓದಿಸಿಕೊಂಡಿದ್ದರಂತೆ. ಊಟಕ್ಕೆ ಬಾ ಎಂದು ಹದಿಮೂರು ದಿನದ ಮೇಲೆ ಕರೆದರು. ಬೆಳ್ತಿಗೆ ಅನ್ನ, ಸೌತೆಕಾಯಿ ಪಲ್ಯ, ಮಜ್ಜಿಗೆ, ಕಾಯಿ ಹಾಕದ ಮೀನು ಸಾರು. ಎಲ್ಲ ಸರಿಯಾಯಿತು ಎಂದುಕೊಂಡೆ. ಬಟ್ಟಲು ತೊಳೆಯದೆ ಹಾಗೆಯೇ ಕೂತೆ.

ಅವರು ಬಡಿಸಿದರು. ನಾನು ಅನ್ನಕ್ಕೆ ಕೈ ಹಾಕುವ ಮೊದಲು ಅವರು ಬಾಗಿ, ನನ್ನ ಬಟ್ಟಲಿನಿಂದ ಒಂದು ತುತ್ತು ಕಲಸಿ ತಮ್ಮ ಬಾಯಿಗೆ ಇಟ್ಟುಕೊಂಡರು. ಸಾರು, ಪಲ್ಯ, ಅನ್ನ, ಎಲ್ಲದರಿಂದಲೂ ಸ್ವಲ್ಪ. ನನ್ನ ಮುಖ ನೋಡುತ್ತಲೇ ಅಗಿದು ನುಂಗಿದರು. ಮಗನ ಬಟ್ಟಲಿನಿಂದಲೂ ಒಂದು ಅಗುಳು ತೆಗೆದು ತಿಂದವರಲ್ಲ ಅವರು.

"ಈಗ ಉಣ್ಣು" ಎಂದರು.

ಬೇಡ ಅತ್ತೆ, ಹೀಗೆ ಮಾಡಬೇಡಿ ಎನ್ನಬೇಕಿತ್ತು. ಕೈ ಹಿಡಿಯಬೇಕಿತ್ತು. ರಕ್ಷಿತ್ ತಲೆ ತಗ್ಗಿಸಿ ಕುಳಿತಿದ್ದ. ನಾನು ಉಂಡೆ. ಒಂದು ಅಗುಳೂ ಬಿಡದೆ ಉಂಡೆ. ಅದು ಮುಗಿಯುವವರೆಗೂ ಅವರು ಎದುರಿಗೇ ನಿಂತಿದ್ದರು.

ಮೂರು ಗಂಟೆಯಾಯಿತು, ಐದಾಯಿತು. ಹೊಟ್ಟೆ ಏನೂ ಮಾಡಲಿಲ್ಲ. ಹೇಗುಂಟು ಎಂದು ಅವರು ಎರಡು ಸಲ ಕೇಳಿದರು, ಚೆನ್ನಾಗಿದೆ ಎಂದೆ.

ರಾತ್ರಿಯ ಊಟಕ್ಕೂ ನನ್ನ ಬಟ್ಟಲಿನ ಮೊದಲ ತುತ್ತು ಅವರೇ ತೆಗೆದುಕೊಂಡರು.